ಪರಿಣತಿ ಇಲ್ಲದ ವಿಷಯದ ಪುಸ್ತಕಗಳಿಗೆ ವಿಮರ್ಶೆ ಬರೆಯಬಹುದೇ?

ನೀವು ಓದಿದ್ದು ವಾಣಿಜ್ಯ, ಬರೆಯಲು ಆಸೆ ಇರುವುದು ಹೊಸದಾಗಿ ಬರುತ್ತಿರುವ ವಿಜ್ಞಾನ, ಇತಿಹಾಸ, ಮನಶ್ಶಾಸ್ತ್ರದ ಪುಸ್ತಕಗಳ ಬಗ್ಗೆ. ಯಾವುದರಲ್ಲೂ ಪರಿಣತಿ ಇಲ್ಲದೆ ವಿಮರ್ಶೆ ಬರೆಯುವ ಹಕ್ಕು ತಮಗಿದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಇದೆ. ಹದಿನೈದು ವರ್ಷಗಳಿಂದ ನಾನು ಮಾಡುತ್ತಿರುವುದೂ ಇದನ್ನೇ. ಎಲ್ಲ ವಿಷಯಗಳಲ್ಲೂ ಪಂಡಿತನಾದ ಮೇಲೆಯೇ ಬರೆಯುತ್ತೇನೆಂದು ಕುಳಿತರೆ ಒಂದು ಜನ್ಮ ಸಾಲದು. ಆದರೆ ಒಂದು ಕೆಲಸವನ್ನು ಬಿಡುವಂತಿಲ್ಲ: ಪುಸ್ತಕ ಯಾವ ಮಾತಿನ ಮೇಲೆ ಕಾಲೂರಿ ನಿಂತಿದೆಯೋ ಆ ಮಾತಿನ ಮೂಲವನ್ನು ಹುಡುಕಿಕೊಂಡು ಹೋಗಬೇಕು.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. 2011ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಬಂದಾಗ ಅದರ ಒಂದು ಅಧ್ಯಾಯವನ್ನು ಮನಸಾರೆ ಹೊಗಳಿ ಬರೆದೆ. ಅದರಲ್ಲಿ 1996ರ ಒಂದು ಪ್ರಯೋಗದ ಪ್ರಸ್ತಾಪ ಬರುತ್ತದೆ. ಮುಪ್ಪನ್ನು ನೆನಪಿಸುವ ಪದಗಳನ್ನು ಜೋಡಿಸಿ ವಾಕ್ಯ ಮಾಡಿದ ವಿದ್ಯಾರ್ಥಿಗಳು, ತಮಗೇ ಅರಿವಿಲ್ಲದೆ, ಹೊರಗಿನ ಹಜಾರದಲ್ಲಿ ನಿಧಾನವಾಗಿ ನಡೆದರಂತೆ. ಓದಿದ ಯಾರಿಗಾದರೂ ಬೆರಗಾಗುತ್ತದೆ, ನನಗೂ ಆಯಿತು. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ನಡಿಗೆಯ ವೇಗವನ್ನು ಇನ್‌ಫ್ರಾರೆಡ್ ಸಾಧನದಿಂದ ಅಳೆದು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ನಡೆಸುವವರಿಗೇ 'ಇವರು ನಿಧಾನವಾಗಿ ನಡೆಯುತ್ತಾರೆ' ಎಂಬ ನಿರೀಕ್ಷೆ ಹುಟ್ಟಿಸಿದಾಗ ಮಾತ್ರ ನಡಿಗೆ ನಿಧಾನವಾಯಿತು. ಕಡಿಮೆ ಜನರ ಮೇಲೆ ನಡೆದ ಅಧ್ಯಯನಗಳನ್ನು ತಾವು ಅತಿಯಾಗಿ ನಂಬಿದ್ದು ನಿಜವೆಂದು 2017ರಲ್ಲಿ ಕಾಹ್ನೆಮನ್ ಅವರೇ ಒಪ್ಪಿಕೊಂಡರು. ನೊಬೆಲ್ ಪಡೆದವರೊಬ್ಬರು ಹಾಗೆ ಬಹಿರಂಗವಾಗಿ ಹೇಳಿದ್ದು ಅವರ ಬಗ್ಗೆ ನನಗಿದ್ದ ಗೌರವವನ್ನು ಹೆಚ್ಚಿಸಿತು.

2012ರ ಫಲಿತಾಂಶ 2011ರಲ್ಲಿ ನನಗೆ ತಿಳಿಯುವಂತಿರಲಿಲ್ಲ, ಸರಿ. ಆದರೆ ಎರಡು ಸಲ ನಡೆಸಿದ ಮೂಲ ಪ್ರಯೋಗದಲ್ಲಿ ಒಂದೊಂದು ಸಲಕ್ಕೆ ಇದ್ದದ್ದು ಬರೀ 30 ವಿದ್ಯಾರ್ಥಿಗಳು. ಆ ಪ್ರಬಂಧದ ಹೆಸರು ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲೇ ಇತ್ತು. ನಾನು ಆ ಪುಟಗಳನ್ನು ತೆರೆದೇ ಇರಲಿಲ್ಲ. ಮೂವತ್ತು ಎಂಬ ಸಂಖ್ಯೆ ಸಣ್ಣದು ಎಂದು ಗುರುತಿಸಲು ಮನಶ್ಶಾಸ್ತ್ರದ ಪದವಿ ಬೇಕಿರಲಿಲ್ಲ.

ಆ ಪುಸ್ತಕ ಇನ್ನೊಂದು ಪಾಠವನ್ನೂ ಕಲಿಸಿತು. ನಷ್ಟದ ಭಯ ಮತ್ತು ತೀರ್ಮಾನಗಳ ಬಗ್ಗೆ ಸಹ ಸಂಶೋಧಕ ಆಮೊಸ್ ಟ್ವರ್ಸ್ಕಿ ಜೊತೆ ತಾವೇ ಮಾಡಿದ ಕೆಲಸವನ್ನು ಹೇಳುವಾಗ ಕಾಹ್ನೆಮನ್ ಗಟ್ಟಿಯಾಗಿ ನಿಲ್ಲುತ್ತಾರೆ. ಎಡವಿದ್ದು ಬೇರೆಯವರ ಪ್ರಯೋಗಗಳನ್ನು ನಂಬಿ ಬರೆದ ಕಡೆ. ಆಮೇಲೆ ಯಾವ ಪುಸ್ತಕ ಓದುವಾಗಲೂ ಲೇಖಕರ ಸ್ವಂತ ದುಡಿಮೆ ಯಾವುದು, ಎರವಲು ತಂದದ್ದು ಯಾವುದು ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತೇನೆ. ನನ್ನ ವಿಮರ್ಶೆಯ ಅರ್ಧ ಭಾಗ ಆ ಗುರುತುಗಳಿಂದಲೇ ಹುಟ್ಟುತ್ತದೆ.

ಇತಿಹಾಸದ ಪುಸ್ತಕವಾದರೆ ಹುಡುಕಬೇಕಾದದ್ದು ಪದದ ಅರ್ಥ. 2019ರಲ್ಲಿ ಬಂದ ನವೋಮಿ ವುಲ್ಫ್ ಅವರ 'ಔಟ್‌ರೇಜಸ್' ನೋಡಿ, ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆಂದು ಶಿಕ್ಷಿಸಿದ್ದರ ಬಗ್ಗೆ ಇರುವ ಪುಸ್ತಕ ಅದು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಹಳೆಯ ದಾಖಲೆಗಳಲ್ಲಿ 'ಮರಣ ದಾಖಲಾಗಿದೆ' ಎಂಬರ್ಥದ ಮಾತು ಕಂಡಲ್ಲೆಲ್ಲ ಅವರು ಆ ವ್ಯಕ್ತಿಯನ್ನು ಗಲ್ಲಿಗೇರಿಸಲಾಯಿತೆಂದು ತಿಳಿದರು. ವಾಸ್ತವದಲ್ಲಿ 1823ರ ಕಾಯಿದೆಯೊಂದು ಅನೇಕ ಅಪರಾಧಗಳಲ್ಲಿ ಮರಣದಂಡನೆಯನ್ನು ಕಡತದಲ್ಲಿ ಮಾತ್ರ ಬರೆದು, ಬಾಯಿಂದ ಘೋಷಿಸದೆ ಬಿಡುವ ಅವಕಾಶವನ್ನು ನ್ಯಾಯಾಧೀಶರಿಗೆ ಕೊಟ್ಟಿತ್ತು. ಅಂದರೆ ಆ ಮಾತು ಪ್ರಾಣ ಉಳಿದದ್ದರ ಗುರುತು! ಬಿಬಿಸಿ ರೇಡಿಯೊ ಸಂದರ್ಶನದಲ್ಲಿ ಸಂದರ್ಶಕ ಮ್ಯಾಥ್ಯೂ ಸ್ವೀಟ್ ಇದನ್ನು ಎತ್ತಿ ತೋರಿಸಿದರು. ಅಮೆರಿಕದ ಪ್ರಕಾಶಕರು ಪುಸ್ತಕವನ್ನು ತರುವುದನ್ನೇ ಕೈಬಿಟ್ಟರು. ಆ ನ್ಯಾಯಾಲಯದ ದಾಖಲೆಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಒಂದೇ ಪದ ಇಡೀ ವಾದವನ್ನು ಹೊತ್ತು ನಿಂತಿದ್ದರೆ, ಆ ಪದಕ್ಕೆ ಆ ಕಾಲದಲ್ಲಿ ಏನರ್ಥವಿತ್ತೆಂದು ಒಂದು ಸಂಜೆ ಹುಡುಕುವುದು ದೊಡ್ಡ ಶ್ರಮವೇನಲ್ಲ.

ಹಾಗೆಂದು ತಪ್ಪು ಹೆಕ್ಕುವುದೇ ವಿಮರ್ಶೆಯಲ್ಲ. ಒಳ್ಳೆಯ ಪುಸ್ತಕ ನಮ್ಮ ನೋಟವನ್ನು ಎಲ್ಲಿ ಬದಲಾಯಿಸಿತು ಎಂಬುದನ್ನೂ ಹೇಳಬೇಕು, ಮತ್ತು ಅದು ಹೆಚ್ಚು ಕಷ್ಟ. ಎಡ್ ಯಾಂಗ್ ಅವರ 2022ರ 'ಆನ್ ಇಮೆನ್ಸ್ ವರ್ಲ್ಡ್' ಪ್ರಾಣಿಗಳ ಇಂದ್ರಿಯಗಳ ಬಗ್ಗೆ ಇದೆ. ರಕ್ತ ಹೀರುವ ಉಣ್ಣೆ ಹುಳಕ್ಕೆ ಚರ್ಮದ ವಾಸನೆ, ಮೈಯ ಬಿಸಿ, ಕೂದಲಿನ ಸ್ಪರ್ಶ ಇಷ್ಟೇ ಜಗತ್ತು, ಮರ ಹಸಿರಾಗಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಆ ಪುಸ್ತಕ ಓದಿದ ಮೇಲೆ, ನಾಯಿ ಕಂಬದ ಬುಡದಲ್ಲಿ ನಿಂತು ಮೂಸುತ್ತಿದ್ದರೆ ಹಗ್ಗ ಹಿಡಿದು ಎಳೆಯಲು ನನಗೆ ಮನಸ್ಸಾಗುವುದಿಲ್ಲ. ಅದು ಓದುತ್ತಿದೆ, ನಾನು ಕಾಯಬೇಕು. ವಿಮರ್ಶೆಯಲ್ಲಿ ಅದನ್ನೇ ಬರೆದೆ. 'ಅದ್ಭುತ ಕೃತಿ', 'ಎಲ್ಲರೂ ಓದಲೇಬೇಕು' ಎಂಬ ಮಾತುಗಳನ್ನು ಬೆನ್ನುಡಿಯವರಿಗೆ ಬಿಟ್ಟುಬಿಡಿ.

ನಿಮಗೆ ಅರ್ಥವಾಗದ ಭಾಗವಿದ್ದರೆ ಅರ್ಥವಾಗಲಿಲ್ಲವೆಂದೇ ಬರೆಯಿರಿ. ಸಾಮಾನ್ಯ ಓದುಗರಿಗೆಂದು ಬರೆದ ಪುಸ್ತಕ ಗಮನವಿಟ್ಟು ಓದಿದ ನಿಮಗೆ ತಿಳಿಯದೆ ಹೋದರೆ, ಅದೂ ಆ ಪುಸ್ತಕದ ಬಗ್ಗೆ ಒಂದು ಮಾಹಿತಿ.

ಆಳಸಮುದ್ರದ ಜೀವಿಗಳ ಪುಸ್ತಕ ಕೈಯಲ್ಲಿದೆ ಎಂದಿದ್ದೀರಲ್ಲ, ಈಗಾಗಲೇ ಅರ್ಧ ಮುಗಿದಿದ್ದರೆ ಒಂದು ಕ್ಷಣ ನಿಲ್ಲಿಸಿ. ಇಲ್ಲಿಯವರೆಗೆ ನಿಮ್ಮನ್ನು ಅತಿ ಹೆಚ್ಚು ಬೆರಗುಗೊಳಿಸಿದ ಸಾಲು ಯಾವುದು? ಕೊನೆಯ ಟಿಪ್ಪಣಿಗಳಲ್ಲಿ ಅದರ ಮೂಲ ಎಲ್ಲಿದೆಯೆಂದು ಹುಡುಕಿ, ಆಮೇಲೆ ಓದು ಮುಂದುವರಿಸಿ.