ಓದುಗರ ಪ್ರಶ್ನೆ: ವಿಮಾನ ವಿನ್ಯಾಸದ ಉನ್ನತ ಓದು

(ಈ ಸಂಚಿಕೆಯಲ್ಲಿ ಉತ್ತರಿಸುತ್ತಿರುವವರು ಬೆಂಗಳೂರಿನ ವಿಮಾನ ವಿನ್ಯಾಸ ಕಚೇರಿಯೊಂದರ ಸ್ಟ್ರಕ್ಚರ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್. ಪ್ರಶ್ನೆ ಕಳುಹಿಸಿದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.)

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ವಿಮಾನ ವಿನ್ಯಾಸದಲ್ಲಿ ಎಂ.ಟೆಕ್ ಮಾಡುವ ಆಸೆ. ಏರೋನಾಟಿಕಲ್ ಓದಿದವರಿಗೆ ಮಾತ್ರ ಅದು ಸಾಧ್ಯ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ಅಲ್ಲಿ ಏನನ್ನು ಕಲಿಸುತ್ತಾರೆ?
– ವಿದ್ಯಾರ್ಥಿ, ವಿಜಯನಗರ

ಉತ್ತರ: ನಿಜವಲ್ಲ. ನಾನು ಕೆಲಸ ಮಾಡಿದ ವಿಭಾಗದಲ್ಲಿ ಮೆಕ್ಯಾನಿಕಲ್ ಓದಿ ಬಂದವರೇ ಹೆಚ್ಚಾಗಿದ್ದರು. ಕಂಪನದ ಲೆಕ್ಕ ಕೈಕೊಟ್ಟಾಗ ನಾವೆಲ್ಲರೂ ಯಾರ ಮೇಜಿನ ಬಳಿ ಹೋಗಿ ನಿಲ್ಲುತ್ತಿದ್ದೆವೋ ಆ ಹಿರಿಯರು ಸಿವಿಲ್ ಪದವೀಧರರು. ಭಾರತೀಯ ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ಎಂ.ಟೆಕ್‌ಗಾಗಲಿ, ಮುಂಬೈ, ಕಾನ್ಪುರ, ಮದ್ರಾಸ್, ಖರಗ್‌ಪುರ ಐಐಟಿಗಳಿಗಾಗಲಿ ಗೇಟ್ ಪರೀಕ್ಷೆ ಬರೆದು ಹೋಗಬೇಕು. ಮೆಕ್ಯಾನಿಕಲ್ ಓದಿದವರಿಗೂ ಅಲ್ಲಿ ಅವಕಾಶವಿದೆ. ಗೇಟ್‌ನ ಯಾವ ಪತ್ರಿಕೆಯನ್ನು ಯಾವ ವಿಭಾಗ ಒಪ್ಪುತ್ತದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಇದೆ.

ಕಲಿಸುವುದು ಮುಖ್ಯವಾಗಿ ನಾಲ್ಕು ವಿಷಯ: ಗಾಳಿಯ ಹರಿವು, ರಚನೆಯ ಬಲ, ಎಂಜಿನ್, ಹಾರಾಟದ ಚಲನೆ. ಇವನ್ನು ಬೇರೆ ಬೇರೆ ಅಧ್ಯಾಪಕರು ಬೇರೆ ಬೇರೆ ಕೋಣೆಗಳಲ್ಲಿ ಕಲಿಸುತ್ತಾರೆ. ವಿನ್ಯಾಸ ಎಂದರೆ ಈ ನಾಲ್ಕೂ ಒಂದೇ ಮೇಜಿನ ಸುತ್ತ ಕುಳಿತು ಜಗಳವಾಡುವ ಕೆಲಸ. ಏರೋಡೈನಾಮಿಕ್ಸ್‌ನವರಿಗೆ ರೆಕ್ಕೆ ತೆಳ್ಳಗಿರಬೇಕು, ಎಳೆತ ಕಡಿಮೆಯಾಗುತ್ತದೆ. ನಮ್ಮ ಸ್ಟ್ರಕ್ಚರ್ಸ್‌ನವರಿಗೆ ಅದೇ ರೆಕ್ಕೆ ದಪ್ಪಗಿರಬೇಕು, ಬಾಗುವಿಕೆಯನ್ನು ಕಡಿಮೆ ಲೋಹದಲ್ಲಿ ತಡೆಯಬಹುದು. ಇಂಧನದವರು ಒಳಗೆ ಜಾಗ ಕೇಳುತ್ತಾರೆ. ಚಕ್ರಗಳನ್ನು ಮಡಚಿಡುವವರು ಅದೇ ಜಾಗವನ್ನು ಕೇಳುತ್ತಾರೆ. ಎಲ್ಲರ ಮಾತೂ ಸರಿ, ರೆಕ್ಕೆ ಮಾತ್ರ ಒಂದೇ.

ಈ ಜಗಳದಲ್ಲಿ ಎಲ್ಲರೂ ತಲೆಬಾಗುವುದು ತೂಕಕ್ಕೆ. ಒಂದು ಲೆಕ್ಕ ಕೊಡುತ್ತೇನೆ, ಕಾಗದದ ಮೇಲೆ ಮಾಡಿ ನೋಡಿ. ಸಿಬ್ಬಂದಿ ಮತ್ತು ಸರಕು ಸೇರಿ 1,000 ಕಿಲೊ ಹೊರುವ ವಿಮಾನ ಬೇಕು ಎಂದುಕೊಳ್ಳಿ. ಒಟ್ಟು ತೂಕದಲ್ಲಿ ಖಾಲಿ ವಿಮಾನದ ಪಾಲು ಶೇ 55, ಇಂಧನದ ಪಾಲು ಶೇ 20. ಉಳಿದ ಶೇ 25ರಲ್ಲಿ ಆ 1,000 ಕಿಲೊ ಕೂರಬೇಕು. ಅಂದರೆ ವಿಮಾನದ ಒಟ್ಟು ತೂಕ 4,000 ಕಿಲೊ. ಈಗ ಖಾಲಿ ವಿಮಾನದ ಪಾಲು ಶೇ 57 ಆಯಿತು ಎನ್ನಿ. ಉಳಿಯುವುದು ಶೇ 23. ಒಟ್ಟು ತೂಕ ಸುಮಾರು 4,350 ಕಿಲೊಗೆ ಏರುತ್ತದೆ. ಹೊರುವ ಸರಕು ಒಂದು ಕಿಲೊ ಕೂಡ ಹೆಚ್ಚಲಿಲ್ಲ, ವಿಮಾನ ಮಾತ್ರ 350 ಕಿಲೊ ಭಾರವಾಯಿತು. ಭಾರವಾದದ್ದಕ್ಕೆ ದೊಡ್ಡ ರೆಕ್ಕೆ ಬೇಕು, ಹೆಚ್ಚು ಬಲದ ಎಂಜಿನ್ ಬೇಕು, ಅವೆರಡಕ್ಕೆ ಮತ್ತೆ ತೂಕ ಬೇಕು. ಈ ಸುಳಿಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿದವರಿಗೆ, ಒಂದು ಬ್ರಾಕೆಟ್‌ನಿಂದ 40 ಗ್ರಾಂ ತೆಗೆಯಲು ವಿನ್ಯಾಸಕಾರ ವಾರವಿಡೀ ಏಕೆ ಕೂರುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಅರ್ಜಿ ಹಾಕುವ ಮೊದಲು ಒಂದು ಭಾನುವಾರ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಲ್ಲಿ ಎಚ್‌ಟಿ-2 ಇದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಏರೋಡೈನಾಮಿಕ್ಸ್ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಓದಿ ಬಂದ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಇದೇ ಊರಿನಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ತರಬೇತಿ ವಿಮಾನ ಅದು. ಮಾರುತ್ ಕೂಡ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮವರ ಜೊತೆ ಸೇರಿ ವಿನ್ಯಾಸ ಮಾಡಿದ ಯುದ್ಧವಿಮಾನ. 17 ಜೂನ್ 1961ರಂದು ಮೊದಲ ಹಾರಾಟ. ಆ ಒಡಲನ್ನು ಸುತ್ತಲೂ ನಡೆದು ನೋಡಿ, ಎಷ್ಟು ಅಂದವಾಗಿದೆ! ಆದರೆ ಅದಕ್ಕೆಂದು ಎಣಿಸಿಕೊಂಡಿದ್ದ ಬಲವಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಕಡಿಮೆ ಬಲದ ಆರ್ಫಿಯಸ್ ಎಂಜಿನ್ ಎರಡನ್ನು ಕೂರಿಸಿ ಹಾರಿಸಬೇಕಾಯಿತು, ಅಂದುಕೊಂಡ ವೇಗವನ್ನು ಅದು ಮುಟ್ಟಲೇ ಇಲ್ಲ. ನನಗೆ ಇಂದಿಗೂ ಅದರ ಮುಂದೆ ನಿಂತರೆ ಸಂಕಟವಾಗುತ್ತದೆ.

ಪ್ರಶ್ನೆ: ಮಗಳು ಏರೋನಾಟಿಕಲ್ ಪದವಿ ಮುಗಿಸಿದ್ದಾಳೆ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಏರೋಸ್ಪೇಸ್ ವಾಹನ ವಿನ್ಯಾಸದ ಎಂಎಸ್‌ಸಿಗೆ ಸೀಟು ಸಿಕ್ಕಿದೆ. ತುಮಕೂರಿನ ನಿವೇಶನವನ್ನು ಅಡವಿಟ್ಟು ಸಾಲ ಮಾಡಬೇಕು. ‘ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಇರುವಾಗ ಅಲ್ಲಿಗೇಕೆ, ಅದೂ ಹೆಣ್ಣುಮಗಳಿಗೆ ಈ ಕೆಲಸ ಏಕೆ’ ಎಂದು ನನ್ನ ಅಣ್ಣಂದಿರು ಕೇಳುತ್ತಾರೆ. ಏನು ಮಾಡಲಿ?
– ತಾಯಿ, ಮಲ್ಲೇಶ್ವರ

ಉತ್ತರ: ತಾಯಿ, ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ನಾನೂ ಹೆಣ್ಣುಮಗಳೇ. ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದರು. ನಿವೃತ್ತಳಾಗುವ ಹೊತ್ತಿಗೆ ನಾನು ಸಹಿ ಹಾಕುತ್ತಿದ್ದ ವರದಿಗಳನ್ನು ಬರೆಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಹುಡುಗಿಯರು. ರೆಕ್ಕೆಗೆ ಬೀಳುವ ಭಾರಕ್ಕೆ ಲೆಕ್ಕ ಮಾಡಿದವರು ಯಾರೆಂದು ಗೊತ್ತಾಗುವುದಿಲ್ಲ. ನಿಮ್ಮ ಅಣ್ಣಂದಿರಿಗೆ ಇದನ್ನು ನನ್ನ ಹೆಸರಿನಲ್ಲೇ ಹೇಳಿ.

ಈಗ ಕ್ರಾನ್‌ಫೀಲ್ಡ್. 1946ರಲ್ಲಿ ಏರೋನಾಟಿಕ್ಸ್ ಕಾಲೇಜಾಗಿ ಆರಂಭವಾದ, ಮುಖ್ಯವಾಗಿ ಸ್ನಾತಕೋತ್ತರ ಶಿಕ್ಷಣ ಕೊಡುವ ವಿಶ್ವವಿದ್ಯಾಲಯ ಅದು. ಸ್ವಂತ ವಿಮಾನ ನಿಲ್ದಾಣವಿದೆ. ಅಲ್ಲಿನ ಈ ಪದವಿಯ ಜೀವಾಳ ಪಾಠಗಳಲ್ಲ, ತಂಡವಾಗಿ ಮಾಡುವ ವಿನ್ಯಾಸ. ಒಂದು ವಿಮಾನದ ಆರಂಭಿಕ ರೂಪುರೇಷೆಯನ್ನು ವಿದ್ಯಾರ್ಥಿಗಳ ಕೈಗಿಡುತ್ತಾರೆ. ಒಬ್ಬರಿಗೆ ಮುಂಭಾಗದ ಒಡಲು, ಒಬ್ಬರಿಗೆ ಲ್ಯಾಂಡಿಂಗ್ ಗೇರ್, ಇನ್ನೊಬ್ಬರಿಗೆ ಇಂಧನ ವ್ಯವಸ್ಥೆ, ಹೀಗೆ ಪಾಲಾಗುತ್ತದೆ. ತಮ್ಮ ಭಾಗದ ತೂಕಕ್ಕೆ, ಬಲಕ್ಕೆ, ಪಕ್ಕದವರ ಭಾಗದೊಡನೆ ಅದು ಕೂಡಿಕೊಳ್ಳುವುದಕ್ಕೆ ಅವರೇ ಹೊಣೆ. ಪಕ್ಕದವನು ಒಂದು ಫ್ರೇಮನ್ನು ಸ್ವಲ್ಪ ಸರಿಸಿದರೆ ಇವಳ ಲೆಕ್ಕ ಪೂರ್ತಿ ಮತ್ತೆ ಮಾಡಬೇಕು. ನಮ್ಮ ವೃತ್ತಿಯ ದಿನನಿತ್ಯದ ಬದುಕು ಇದೇ. ಇಷ್ಟು ಸ್ಪಷ್ಟವಾಗಿ ಇದನ್ನೇ ಪಠ್ಯವಾಗಿಸಿದ ಜಾಗಗಳು ಹೆಚ್ಚಿಲ್ಲ.

ನಿಮ್ಮ ಅಣ್ಣಂದಿರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಬಲ ಬೇರೆ. ಆ ವಿಭಾಗ 1942ರಿಂದ ಇದೆ. ಸತೀಶ್ ಧವನ್ ಅಲ್ಲಿ ಕಲಿಸಿದರು. ಮೂಲವಿಜ್ಞಾನದಲ್ಲಿ ಅಲ್ಲಿ ಸಿಗುವ ಆಳವನ್ನು ಒಂದು ವರ್ಷದ ಎಂಎಸ್‌ಸಿ ಕೊಡಲಾರದು. ಪ್ರಶ್ನೆಯನ್ನು ಹುಟ್ಟಿನಿಂದ ಹಿಡಿದು ಬಿಡಿಸುವ ಮನಸ್ಸಿರುವವರಿಗೆ ಅದು. ಹತ್ತು ಜನರ ನಡುವೆ ಕುಳಿತು ತೀರ್ಮಾನ ಮಾಡುವ ಮನಸ್ಸಿರುವವರಿಗೆ ಇನ್ನೊಂದು. ನಿಮ್ಮ ಮಗಳು ಎಂಥವಳು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆದರೆ ಸಾಲದ ವಿಷಯದಲ್ಲಿ ಬಿಡಿಸಿ ಹೇಳಬೇಕು. ಅಲ್ಲಿ ಓದಿದ ಮಾತ್ರಕ್ಕೆ ಅಲ್ಲೇ ಕೆಲಸ ಸಿಗುತ್ತದೆ ಎಂದು ನಂಬಿ ನಿವೇಶನ ಅಡವಿಡಬೇಡಿ. ವಿಮಾನೋದ್ಯಮದ ಬಹುಪಾಲು ರಕ್ಷಣೆಗೆ ಅಂಟಿಕೊಂಡಿದೆ, ಅಲ್ಲಿ ಭದ್ರತಾ ಪರಿಶೀಲನೆ ದಾಟುವುದು ವಿದೇಶಿಯರಿಗೆ ಕಷ್ಟ. ಅಮೆರಿಕದಲ್ಲಂತೂ ರಫ್ತು ನಿಯಂತ್ರಣ ಕಾನೂನಿನಿಂದಾಗಿ ಅನೇಕ ಕಂಪನಿಗಳ ಬಾಗಿಲು ನಮ್ಮ ಮಕ್ಕಳಿಗೆ ತೆರೆಯುವುದಿಲ್ಲ. ಮರಳಿ ಬೆಂಗಳೂರಿಗೇ ಬಂದು ಇಲ್ಲಿನ ಸಂಬಳದಲ್ಲಿ ಸಾಲ ತೀರಿಸಬೇಕಾಗಿ ಬಂದರೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಇವತ್ತೇ ಕುಳಿತು ಲೆಕ್ಕ ಹಾಕಿ. ಆ ಲೆಕ್ಕ ನಿಮಗೆ ನಿದ್ದೆ ಕೆಡಿಸದಿದ್ದರೆ ಕಳುಹಿಸಿ. ಕೆಡಿಸಿದರೆ ಅವಳು ಗೇಟ್ ಬರೆಯಲಿ, ಅದರಿಂದ ಅವಳಿಗೆ ಏನೂ ಕಡಿಮೆಯಾಗುವುದಿಲ್ಲ. ಮರಳಿ ಬಂದವರಿಗೆ ಇಲ್ಲಿ ಕೆಲಸವಿಲ್ಲ ಎಂಬ ಕಾಲ ಹೋಯಿತು. ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್, ಯುದ್ಧವಿಮಾನ ವಿನ್ಯಾಸದ ಎಡಿಎ ಜೊತೆಗೆ ಏರ್‌ಬಸ್‌ನ ಎಂಜಿನಿಯರಿಂಗ್ ಕೇಂದ್ರ ಇಲ್ಲಿದೆ; ಬೋಯಿಂಗ್ 2024ರಲ್ಲಿ ದೇವನಹಳ್ಳಿಯ ಬಳಿ ದೊಡ್ಡ ಆವರಣವನ್ನೇ ತೆರೆದಿದೆ.

ಹೊರಡುವುದೇ ಆದರೆ ಒಂದು ಕಾಗದ ಮರೆಯಬೇಡಿ. ಇಂಥ ವಿಷಯಗಳನ್ನು ಓದುವ ಭಾರತೀಯರು ವೀಸಾಕ್ಕೆ ಮೊದಲು ಬ್ರಿಟಿಷ್ ಸರ್ಕಾರದಿಂದ ‘ಎಟಾಸ್’ ಎಂಬ ಅನುಮತಿ ಪಡೆಯಬೇಕು. ಶುಲ್ಕವಿಲ್ಲ, ಆದರೆ ಹಲವು ವಾರ ಹಿಡಿಯುತ್ತದೆ. ಸೀಟು ಖಚಿತವಾದ ಕೂಡಲೇ ಅರ್ಜಿ ಹಾಕಲಿ.

ಪ್ರಶ್ನೆ: ತಮ್ಮ ಏರೋನಾಟಿಕಲ್ ಮುಗಿಸಿದ್ದಾನೆ. ಸಣ್ಣ ಡ್ರೋನ್ ಕಂಪನಿಯೊಂದು ಕರೆದಿದೆ. ಸೇರಲೇ, ಎಂ.ಟೆಕ್ ಮಾಡಲೇ ಎಂದು ಒದ್ದಾಡುತ್ತಿದ್ದಾನೆ.
– ಓದುಗರು, ಹಾಸನ

ಉತ್ತರ: ಸೇರಲಿ. ತಾನು ಮಾಡಿದ ರೆಕ್ಕೆ ಹಾರುವುದನ್ನೂ ಬೀಳುವುದನ್ನೂ ಎರಡು ವರ್ಷ ಕಣ್ಣಾರೆ ನೋಡಿದವನು ಎಂ.ಟೆಕ್ ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಒಂದೇ ಷರತ್ತು: ಅಲ್ಲಿ ವಿನ್ಯಾಸ ಮಾಡಿಸುತ್ತಾರೋ, ತರಿಸಿದ ಬಿಡಿಭಾಗಗಳನ್ನು ಜೋಡಿಸುವುದಷ್ಟೇ ಕೆಲಸವೋ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ಪ್ರಶ್ನೆ: ಕ್ಯಾಟಿಯಾ, ಆನ್ಸಿಸ್ ಎರಡೂ ಕಲಿತಿದ್ದೇನೆ, ಪ್ರಮಾಣಪತ್ರಗಳಿವೆ. ವಿನ್ಯಾಸದ ಕೆಲಸಕ್ಕೆ ಇಷ್ಟು ಸಾಲದೇ? ಮತ್ತೆರಡು ವರ್ಷ ಓದಬೇಕೇ?
– ಓದುಗ, ಪೀಣ್ಯ

ಉತ್ತರ: ಸಾಲದು. ಸಾಫ್ಟ್‌ವೇರ್ ನೀವು ಕೊಟ್ಟ ಭಾರಕ್ಕೆ ಉತ್ತರ ಕೊಡುತ್ತದೆ. ಯಾವ ಭಾರ ಕೊಡಬೇಕೆಂದು ಹೇಳುವುದಿಲ್ಲ. ಒಂದು ಕೀಲಿನ ಮೇಲೆ ವಿಮಾನದ ಬಳಕೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರ 10,000 ನ್ಯೂಟನ್ ಎನ್ನಿ. ಪ್ರಯಾಣಿಕ ವಿಮಾನದ ನಿಯಮದಂತೆ ಅದನ್ನು 1.5ರಿಂದ ಗುಣಿಸಬೇಕು: 15,000. ಅದು ಎರಡು ಭಾಗಗಳನ್ನು ಸೇರಿಸುವ ಜೋಡಣೆ, ಪರೀಕ್ಷೆಯಿಂದ ಸಾಬೀತಾಗಿಲ್ಲ ಎಂದಾದರೆ ಮತ್ತೆ 1.15ರಿಂದ ಗುಣಿಸಬೇಕು: 17,250. ಬಣ್ಣಬಣ್ಣದ ಚಿತ್ರ ಎಷ್ಟೇ ಚೆನ್ನಾಗಿದ್ದರೂ 10,000 ಇಟ್ಟು ವಿಶ್ಲೇಷಿಸಿದವರ ವರದಿಯನ್ನು ನಾನು ಹಿಂದಿರುಗಿಸುತ್ತಿದ್ದೆ.

ಇಷ್ಟಾದರೂ ಮುಗಿಯುವುದಿಲ್ಲ. ಒಮ್ಮೆ ಭಾರ ತಡೆದದ್ದು ಸಾವಿರ ಸಲ ತಡೆಯಬೇಕೆಂದಿಲ್ಲ. 1954ರಲ್ಲಿ ಎರಡು ಕಾಮೆಟ್ ಪ್ರಯಾಣಿಕ ವಿಮಾನಗಳು ಆಕಾಶದಲ್ಲೇ ಒಡೆದವು. ಹಾರಿದಾಗಲೆಲ್ಲ ಕ್ಯಾಬಿನ್ ಒಳಗಿನ ಒತ್ತಡ ಏರಿ ಇಳಿದು, ಒಡಲಿನ ತೆರೆವುಗಳ ಮೂಲೆಯಲ್ಲಿ ಬಿರುಕು ಬೆಳೆದಿತ್ತು. ಇಡೀ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅದನ್ನು ಪತ್ತೆ ಮಾಡಿದರು. ಯಾವುದನ್ನು ಪರೀಕ್ಷಿಸಬೇಕು ಎಂದು ಕೇಳುವ ಬುದ್ಧಿ ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಎರಡು ವರ್ಷ ಓದಿ. ಕಲಿತ ಸಾಫ್ಟ್‌ವೇರ್ ಆಗ ನಿಮ್ಮ ಕೈಯಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ವೈಟ್‌ಫೀಲ್ಡ್‌ನ ಸೇವಾ ಕಂಪನಿಯೊಂದರಲ್ಲಿ ಆರು ವರ್ಷದಿಂದ ವಿದೇಶಿ ವಿಮಾನವೊಂದರ ರೆಕ್ಕೆಯ ರಿಬ್‌ಗಳ ಸ್ಟ್ರೆಸ್ ವರದಿ ಬರೆಯುತ್ತಿದ್ದೇನೆ. ರಿಬ್ ಬಿಟ್ಟು ಬೇರೇನೂ ತಿಳಿಯದು. ಮನೆಯ ಜವಾಬ್ದಾರಿಯಿದೆ, ಕೆಲಸ ಬಿಡಲಾಗದು. ಇಡೀ ವಿಮಾನದ ವಿನ್ಯಾಸ ಕಲಿಯುವ ದಾರಿ ಇದೆಯೇ?
– ಎಂಜಿನಿಯರ್, ಕಾಡುಗೋಡಿ

ಉತ್ತರ: ನಿಮ್ಮಂಥವರ ಪತ್ರಗಳು ನನಗೆ ಬಹಳ ಬರುತ್ತವೆ, ಓದಿದಾಗಲೆಲ್ಲ ಬೇಸರವಾಗುತ್ತದೆ. ಇಷ್ಟು ನುರಿತ ಕೈಗಳು ನಮ್ಮ ಊರಿನಲ್ಲಿವೆ, ಅವುಗಳಿಗೆ ಇಡೀ ವಿಮಾನವನ್ನು ಯಾರೂ ತೋರಿಸುವುದಿಲ್ಲ.

ರಿಬ್ ಗೊತ್ತಿರುವುದು ಸಣ್ಣ ಮಾತಲ್ಲ. ನಿಮ್ಮ ರಿಬ್‌ನ ಕೆಲಸ ಏನು? ರೆಕ್ಕೆಯ ಆಕಾರ ಕಾಯುವುದು, ಹೊದಿಕೆ ಸುಕ್ಕುಗಟ್ಟದಂತೆ ತಡೆಯುವುದು, ಎಂಜಿನ್ ಅಥವಾ ಚಕ್ರಗಳ ಭಾರವನ್ನು ರೆಕ್ಕೆಯ ಉದ್ದಕ್ಕೂ ಸಾಗುವ ಮುಖ್ಯ ತೊಲೆಯಾದ ಸ್ಪಾರ್‌ಗೆ ಸಾಗಿಸುವುದು, ಇಂಧನ ಒಂದೇ ಕಡೆ ನುಗ್ಗದಂತೆ ಅಡ್ಡ ನಿಲ್ಲುವುದು. ಆ ಭಾರಗಳು ನಿಮ್ಮ ಕೈಗೆ ಅಂಕಿಗಳಾಗಿ ಬರುತ್ತವೆ. ಅವು ಎಲ್ಲಿಂದ ಬಂದವು ಎಂದು ಹಿಂದಕ್ಕೆ ನಡೆಯಿರಿ. ಯಾವ ವೇಗದಲ್ಲಿ, ಯಾವ ಎತ್ತರದಲ್ಲಿ, ಎಂಥ ಗಾಳಿಯ ಹೊಡೆತಕ್ಕೆ ಈ ಅಂಕಿ ಬಂತು? ಆ ಪ್ರಶ್ನೆಯೇ ನಿಮ್ಮನ್ನು ಏರೋಡೈನಾಮಿಕ್ಸ್‌ಗೂ ಹಾರಾಟದ ನಿಯಮಗಳಿಗೂ ಕರೆದೊಯ್ಯುತ್ತದೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ವಿಮಾನ ವಿನ್ಯಾಸದ ಪಾಠಗಳು ಉಚಿತವಾಗಿ ಸಿಗುತ್ತವೆ. ಪಾಠ ನೋಡಿ ಸುಮ್ಮನಾಗಬೇಡಿ. ನಾಲ್ಕು ಆಸನದ ಸಣ್ಣ ವಿಮಾನವೊಂದನ್ನು ನೀವೇ ಗುರುತಿಟ್ಟುಕೊಂಡು, ಮೇಲೆ ವಿಜಯನಗರದ ವಿದ್ಯಾರ್ಥಿಗೆ ಹೇಳಿದ ತೂಕದ ಲೆಕ್ಕದಿಂದ ಆರಂಭಿಸಿ ರೆಕ್ಕೆಯ ವಿಸ್ತೀರ್ಣದವರೆಗೆ, ಅಲ್ಲಿಂದ ನಿಮ್ಮ ರಿಬ್‌ವರೆಗೆ ಇಳಿದು ಬನ್ನಿ. ಕಚೇರಿಯಲ್ಲಿ ಏರೋಡೈನಾಮಿಕ್ಸ್ ಗೊತ್ತಿರುವ ಒಬ್ಬರು, ವ್ಯವಸ್ಥೆಗಳು ಗೊತ್ತಿರುವ ಒಬ್ಬರು ಸಿಕ್ಕರೆ ಶನಿವಾರಗಳಂದು ಒಟ್ಟಿಗೆ ಕೂತು ಮಾಡಿ, ಒಬ್ಬರ ಅಂಕಿಯನ್ನು ಇನ್ನೊಬ್ಬರು ಪ್ರಶ್ನಿಸಬೇಕು.

ತಾಳ್ಮೆ ಬೇಕು. ಈ ಕ್ಷೇತ್ರದ ಗಡಿಯಾರ ನಿಧಾನ: ತೇಜಸ್ ಯುದ್ಧವಿಮಾನಕ್ಕಾಗಿ ಎಡಿಎ ಆರಂಭವಾದದ್ದು 1984ರಲ್ಲಿ, ಮೊದಲ ವಿಮಾನ ನೆಲ ಬಿಟ್ಟದ್ದು 4 ಜನವರಿ 2001ರಂದು. ನಿಮ್ಮ ಆರು ವರ್ಷ ವ್ಯರ್ಥವಾಗಿಲ್ಲ. ಆ ಸಣ್ಣ ವಿಮಾನದ ತೂಕದ ಪಟ್ಟಿ ಸಿದ್ಧವಾದಾಗ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಿ. ನಾನು ಸಾಲುಸಾಲಾಗಿ ನೋಡಿ, ಎಲ್ಲಿ ಪ್ರಶ್ನೆಯಿದೆಯೋ ಅಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತೇನೆ.