ಎರಡು ಬಗೆಯ ಸೀಸ, ಒಂದೇ ಜಗತ್ತು: ಮೈನ್‌ಕ್ರಾಫ್ಟ್ ಮಾಡ್‌ಗಳ ಹೊಂದಾಣಿಕೆ

ಪ್ರಶ್ನೆ: ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನ 1.20.1 ಆವೃತ್ತಿಯಲ್ಲಿ ಫೋರ್ಜ್ ಹಾಕಿಕೊಂಡು ಕ್ರಿಯೇಟ್, ಮೆಕಾನಿಸಂ, ಇಮ್ಮರ್ಸಿವ್ ಎಂಜಿನಿಯರಿಂಗ್ ಎಂಬ ಮೂರು ದೊಡ್ಡ ಮಾಡ್‌ಗಳನ್ನೂ (ಆಟಕ್ಕೆ ಹೊರಗಿನವರು ಬರೆದ ಸೇರ್ಪಡೆಗಳನ್ನೂ) ಹಲವು ಸಣ್ಣ ಮಾಡ್‌ಗಳನ್ನೂ ಸೇರಿಸಿದ್ದೇನೆ. ಹೊಸದೇನಾದರೂ ಸೇರಿಸಿದಾಗ ಆಟ ತೆರೆದುಕೊಳ್ಳುವ ಮೊದಲೇ ನಿಂತುಹೋಗುತ್ತದೆ. ತೆರೆದುಕೊಂಡಾಗಲೂ ಸೀಸದ ಗಟ್ಟಿಗಳು ಎರಡು ಬಗೆಯಲ್ಲಿ ಸಿಗುತ್ತವೆ, ಅವು ಒಂದೇ ರಾಶಿಯಲ್ಲಿ ಸೇರುವುದಿಲ್ಲ. ಕ್ರಿಯೇಟ್‌ನ ನೀರಿನ ಚಕ್ರದಿಂದ ಮೆಕಾನಿಸಂ ಯಂತ್ರಗಳನ್ನು ಓಡಿಸಲೂ ಆಗುತ್ತಿಲ್ಲ. ಇವೆಲ್ಲ ಒಟ್ಟಿಗೆ ಕೆಲಸ ಮಾಡುವಂತೆ ಮಾಡುವುದು ಹೇಗೆ?

ಉತ್ತರ: ನೀವು ಒಂದೇ ಪ್ರಶ್ನೆಯಲ್ಲಿ ಮೂರು ತೊಂದರೆಗಳನ್ನು ಹೇಳಿದ್ದೀರಿ, ಮೂರಕ್ಕೂ ಕಾರಣ ಬೇರೆ ಬೇರೆ. ಆಟ ನಿಂತುಹೋಗುವುದು ಲೋಡರ್ (ಮಾಡ್‌ಗಳನ್ನು ಆಟದೊಳಗೆ ತರುವ ಫೋರ್ಜ್‌ನಂಥ ತಂತ್ರಾಂಶ) ಮತ್ತು ಆವೃತ್ತಿಗಳಿಗೆ ಸೇರಿದ ವಿಷಯ, ಸೀಸ ಎರಡಾಗಿರುವುದು ವಸ್ತುಗಳ ಗುರುತಿಗೆ ಸೇರಿದ ವಿಷಯ, ನೀರಿನ ಚಕ್ರದ್ದು ಶಕ್ತಿಯ ಲೆಕ್ಕಕ್ಕೆ ಸೇರಿದ ವಿಷಯ. ಎರಡು ಮಾಡ್‌ಗಳ ಲೇಖಕರು ಬಹುಮಟ್ಟಿಗೆ ಪರಸ್ಪರ ಪರಿಚಯವಿಲ್ಲದವರು, ಒಬ್ಬರ ಕೋಡ್ ಅನ್ನು ಮತ್ತೊಬ್ಬರು ನೋಡದೆಯೇ ಬರೆದಿರುತ್ತಾರೆ. ಆದ್ದರಿಂದ ಇಬ್ಬರೂ ಒಪ್ಪಿಕೊಂಡ ಮೂರನೆಯ ಒಂದು ನಿಯಮ ಎಲ್ಲಿ ಇದೆಯೋ ಅಲ್ಲಿ ಅವು ಹೊಂದಿಕೊಳ್ಳುತ್ತವೆ, ಎಲ್ಲಿ ಇಲ್ಲವೋ ಅಲ್ಲಿ ಸೇತುವೆಯನ್ನು ಆಟಗಾರನೇ ಹುಡುಕಿ ತರಬೇಕಾಗುತ್ತದೆ, ಇಲ್ಲವೇ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ.

ಅಂಥ ನಿಯಮಗಳಲ್ಲಿ ಮೊದಲನೆಯದು ಲೋಡರ್. ಜಾವಾ ಎಡಿಷನ್‌ಗೆ ಮಾಡ್ ಬರೆಯಲು ಮೊಜಾಂಗ್ ಸಂಸ್ಥೆ ಅಧಿಕೃತ ಚೌಕಟ್ಟನ್ನು ಕೊಟ್ಟಿಲ್ಲ. ಆರಂಭದ ವರ್ಷಗಳಲ್ಲಿ ಮಾಡ್ ಹಾಕುವುದೆಂದರೆ ಆಟದ ಜಾರ್ ಕಡತವನ್ನೇ ಬಿಚ್ಚಿ ಅದರೊಳಗಿನ ಕ್ಲಾಸ್ ಕಡತಗಳನ್ನು ಬದಲಿಸುವುದಾಗಿತ್ತು. ಎರಡು ಮಾಡ್‌ಗಳು ಒಂದೇ ಕ್ಲಾಸನ್ನು ಮುಟ್ಟಿದರೆ ಕೊನೆಯಲ್ಲಿ ಹಾಕಿದ್ದು ಉಳಿಯುತ್ತಿತ್ತು, ಮೊದಲನೆಯದು ಅಳಿಸಿಹೋಗುತ್ತಿತ್ತು. 2011ರಲ್ಲಿ ಬಂದ ಫೋರ್ಜ್ ಈ ಪರಿಸ್ಥಿತಿಯನ್ನು ಬದಲಿಸಿತು. ಆಟದ ಕೋಡ್‌ನಲ್ಲಿ ಎಲ್ಲರೂ ಬಳಸಬಹುದಾದ ಕೊಂಡಿಗಳನ್ನು ಅದೇ ಜೋಡಿಸಿ ಕೊಟ್ಟಿದ್ದರಿಂದ, ಮಾಡ್‌ಗಳು ಮೂಲ ಕಡತಗಳನ್ನು ನೇರವಾಗಿ ತಿದ್ದದೆ ಆ ಕೊಂಡಿಗಳ ಮೂಲಕವೇ ಕೆಲಸ ಮಾಡಲು ಸಾಧ್ಯವಾಯಿತು. ಇಂದು ಫೋರ್ಜ್‌ನ ಜೊತೆಗೆ ಫ್ಯಾಬ್ರಿಕ್, ಅದರಿಂದ ಕವಲೊಡೆದ ಕ್ವಿಲ್ಟ್, 2023ರಲ್ಲಿ ಫೋರ್ಜ್‌ನಿಂದ ಕವಲೊಡೆದ ನಿಯೋಫೋರ್ಜ್ ಇವೆ. ಒಂದು ಲೋಡರ್‌ಗೆ ಬರೆದ ಕಡತ ಸಾಮಾನ್ಯವಾಗಿ ಇನ್ನೊಂದರಲ್ಲಿ ಓಡುವುದಿಲ್ಲ. ನಿಮ್ಮ 1.20.1 ಆವೃತ್ತಿಯಲ್ಲಿ ಫೋರ್ಜ್ ಮತ್ತು ನಿಯೋಫೋರ್ಜ್ ಇನ್ನೂ ಬಹುತೇಕ ಒಂದೇ ಆಗಿದ್ದವು, 1.20.2ರಿಂದ ಮುಂದೆ ಅವುಗಳ ದಾರಿ ಬೇರೆಯಾಯಿತು.

ನೀವು ಸೇರಿಸುವ ಸಣ್ಣ ಮಾಡ್‌ಗಳಲ್ಲಿ ಫ್ಯಾಬ್ರಿಕ್‌ಗೆ ಬರೆದದ್ದು ಯಾವುದಾದರೂ ನುಸುಳಿದೆಯೇ ಎಂದು ಮೊದಲು ನೋಡಿ. ಆಟದ ವೇಗ ಹೆಚ್ಚಿಸಲೆಂದು ಸೋಡಿಯಂ ಹಾಕಿಕೊಳ್ಳಲು ಹೋಗುವವರಲ್ಲಿ ಈ ತೊಂದರೆ ಪದೇ ಪದೇ ಕಾಣುತ್ತದೆ. 1.20.1ಕ್ಕೆ ಸೋಡಿಯಂ ಫ್ಯಾಬ್ರಿಕ್‌ನಲ್ಲಿ ಮಾತ್ರ ಇದೆ. ಫೋರ್ಜ್ ಬಳಸುವವರು ಅದರಿಂದ ರೂಪಿಸಿದ ಎಂಬೆಡಿಯಂ ಹಾಕಿಕೊಳ್ಳಬೇಕು. ಆಪ್ಟಿಫೈನ್ ಇದ್ದರೆ ಅದನ್ನು ತೆಗೆದುಬಿಡಿ ಎಂಬುದು ನನ್ನ ಸಲಹೆ. ಅದು ಕೆಟ್ಟ ಮಾಡ್ ಅಲ್ಲ, ಆದರೆ ಅದರ ಮೂಲ ಕೋಡ್ ಬಹಿರಂಗವಾಗಿಲ್ಲದ ಕಾರಣ, ಕ್ರಿಯೇಟ್‌ನಂತೆ ಚಿತ್ರಣದ ಭಾಗವನ್ನು ತಾನೂ ಮುಟ್ಟುವ ಮಾಡ್‌ಗಳ ಲೇಖಕರಿಗೆ ಅದರೊಂದಿಗೆ ಹೊಂದಿಸಿಕೊಳ್ಳುವುದು ಕಷ್ಟವಾಗುತ್ತದೆ. ಫ್ಯಾಬ್ರಿಕ್ ಮಾಡ್‌ಗಳನ್ನು ಫೋರ್ಜ್ ಕುಟುಂಬದಲ್ಲಿ ಓಡಿಸುವ ಸಿನಿಟ್ರಾ ಕನೆಕ್ಟರ್ ಎಂಬ ಸಾಧನವೂ ಇದೆ. ಬೇರೆ ದಾರಿಯೇ ಇಲ್ಲದಾಗ ಅದನ್ನು ಬಳಸಬಹುದು, ಆದರೆ ಈಗಾಗಲೇ ಅಸ್ಥಿರವಾಗಿರುವ ಒಂದು ಗುಂಪಿಗೆ ಅದನ್ನು ಸೇರಿಸಿದರೆ ದೋಷ ಎಲ್ಲಿದೆ ಎಂದು ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಲೋಡರ್ ಸರಿಯಿದ್ದರೂ ಆವೃತ್ತಿ ತಪ್ಪಿರಬಹುದು. ಇಲ್ಲಿ ಆಟದ ಆವೃತ್ತಿಯಷ್ಟೇ ಅಲ್ಲ, ಮಾಡ್‌ನ ಆವೃತ್ತಿಯೂ ಮುಖ್ಯ. 2025ರ ಆರಂಭದಲ್ಲಿ ಕ್ರಿಯೇಟ್‌ನ ಆರನೇ ಆವೃತ್ತಿ ನೀವು ಬಳಸುತ್ತಿರುವ 1.20.1ಕ್ಕೂ ಬಂದಿತು. ಅದರ ಒಳರಚನೆ ಬಹಳಷ್ಟು ಬದಲಾಗಿದ್ದರಿಂದ, ಹಿಂದಿನ 0.5.1ಕ್ಕೆ ಬರೆದಿದ್ದ ಉಪಮಾಡ್‌ಗಳು ಹೊಸದಾಗಿ ಪರಿಷ್ಕೃತವಾಗುವವರೆಗೆ ಅದರೊಂದಿಗೆ ಕೆಲಸ ಮಾಡಲಿಲ್ಲ. ಆಟದ ಆವೃತ್ತಿ ಒಂದೇ, ಲೋಡರ್ ಒಂದೇ, ಆದರೂ ಆಟ ತೆರೆಯುವುದಿಲ್ಲ ಎಂಬ ಗೊಂದಲಕ್ಕೆ ಇಂಥದ್ದೇ ಕಾರಣವಿರುತ್ತದೆ. ಆದ್ದರಿಂದ ನಿಮಗೆ ಬಿಡಲಾಗದ ಮಾಡ್ ಯಾವುದೆಂದು ಮೊದಲು ನಿರ್ಧರಿಸಿ, ಅದರ ಒಂದು ಆವೃತ್ತಿಯನ್ನು ಗಟ್ಟಿಮಾಡಿಕೊಂಡು, ಉಳಿದವುಗಳನ್ನು ಅದಕ್ಕೆ ಹೊಂದುವಂತೆ ಆರಿಸಿ. ಎಲ್ಲವನ್ನೂ ದಿನದಿನವೂ ಇತ್ತೀಚಿನದಕ್ಕೆ ಏರಿಸುತ್ತ ಹೋಗುವುದು ಇಲ್ಲಿ ಒಳ್ಳೆಯ ಅಭ್ಯಾಸವಲ್ಲ.

ಆಟ ನಿಂತಾಗ ಊಹೆ ಮಾಡಬೇಡಿ, ಲಾಗ್ ಓದಿ. ಆಟದ ಫೋಲ್ಡರಿನಲ್ಲಿ ಲಾಗ್ಸ್ ಎಂಬ ಫೋಲ್ಡರೂ ಕ್ರ್ಯಾಶ್ ರಿಪೋರ್ಟ್ಸ್ ಎಂಬ ಫೋಲ್ಡರೂ ಇರುತ್ತವೆ. ದೀರ್ಘವಾದ ಆ ವರದಿಯನ್ನು ನೋಡಿ ಹೆದರುವ ಅಗತ್ಯವಿಲ್ಲ. ‘ಕಾಸ್ಡ್ ಬೈ’ ಎಂದು ಆರಂಭವಾಗುವ ಸಾಲುಗಳಲ್ಲಿ ಕೊನೆಯದನ್ನು ಹುಡುಕಿದರೆ ಬಹಳ ಸಲ ಅಲ್ಲಿಯೇ ಮಾಡ್‌ನ ಹೆಸರು ಕಾಣುತ್ತದೆ. ಬೇಕಾದ ಲೈಬ್ರರಿ, ಅಂದರೆ ಮಾಡ್ ಆಧರಿಸಿರುವ ಸಹಾಯಕ ಕೋಡ್, ಇಲ್ಲದಿದ್ದರೆ ಲೋಡರ್ ತಾನೇ ಅದರ ಹೆಸರನ್ನೂ ಬೇಕಾದ ಆವೃತ್ತಿಯನ್ನೂ ಪರದೆಯ ಮೇಲೆ ತೋರಿಸುತ್ತದೆ. ವರದಿಯಲ್ಲಿ ಏನೂ ಸ್ಪಷ್ಟವಾಗದಿದ್ದರೆ ಅರ್ಧಕ್ಕೆ ಅರ್ಧ ತೆಗೆಯುವ ವಿಧಾನವೇ ಗತಿ: ಅರ್ಧದಷ್ಟು ಮಾಡ್‌ಗಳನ್ನು ಬೇರೆ ಫೋಲ್ಡರಿಗೆ ಸರಿಸಿ ಆಟ ತೆರೆಯಿರಿ, ತೊಂದರೆ ಯಾವ ಅರ್ಧದಲ್ಲಿ ಉಳಿಯಿತೋ ಅದನ್ನು ಮತ್ತೆ ಅರ್ಧ ಮಾಡಿ. 64 ಮಾಡ್‌ಗಳಿದ್ದರೂ ಒಂದು ತಪ್ಪಿತಸ್ಥನನ್ನು ಆರು ಸುತ್ತುಗಳಲ್ಲಿ ಹಿಡಿಯಬಹುದು. ಹೀಗೆ ಸರಿಸುವಾಗ ಒಂದು ಮಾಡ್ ಅವಲಂಬಿಸಿರುವ ಲೈಬ್ರರಿಗಳು ಅದರ ಜೊತೆಯಲ್ಲೇ ಇರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಹೊಸ ದೋಷವನ್ನೇ ಹಳೆಯದೆಂದು ತಿಳಿಯುವಂತಾಗುತ್ತದೆ. ಇಬ್ಬರು ಸೇರಿದಾಗ ಮಾತ್ರ ಜಗಳವಾಗುವ ಪ್ರಕರಣಗಳೂ ಇವೆ. ಎರಡೂ ಅರ್ಧಗಳು ಬೇರೆ ಬೇರೆಯಾಗಿ ಸರಿಯಾಗಿ ಓಡಿದರೆ ಒಂದೊಂದು ಅರ್ಧದಲ್ಲೂ ಒಬ್ಬೊಬ್ಬ ಪಾಲುದಾರ ಇದ್ದಾನೆಂದು ಅರ್ಥ.

ಇನ್ನು ಸೀಸದ ವಿಷಯ. ಹಿಂದೆ ಆಟದಲ್ಲಿ ಪ್ರತಿ ಬ್ಲಾಕಿಗೂ ಒಂದು ಅಂಕಿಯೇ ಗುರುತಾಗಿತ್ತು, ಬ್ಲಾಕುಗಳಿಗೆ ದೊರೆಯುತ್ತಿದ್ದ ಅಂಕಿಗಳು ಹೆಚ್ಚೆಂದರೆ 4,096. ಇಬ್ಬರು ಲೇಖಕರು ಒಂದೇ ಅಂಕಿಯನ್ನು ಬಳಸಿದರೆ ಆಟಗಾರರು ಮಾಡ್‌ಗಳ ಕಾನ್ಫಿಗ್ (ಸೆಟ್ಟಿಂಗ್) ಕಡತಗಳನ್ನು ತೆರೆದು ಒಂದೊಂದಾಗಿ ಅಂಕಿ ಬದಲಿಸುತ್ತ ಕೂರಬೇಕಿತ್ತು. 1.7ರ ಹೊತ್ತಿಗೆ ಫೋರ್ಜ್ ಅಂಕಿಗಳನ್ನು ತಾನೇ ಹಂಚತೊಡಗಿತು, 2018ರಲ್ಲಿ ಬಂದ 1.13 ಅಂಕಿಗಳನ್ನು ಕೈಬಿಟ್ಟು ಹೆಸರುಗಳನ್ನೇ ಗುರುತಾಗಿಸಿತು. ಈಗ ಪ್ರತಿ ವಸ್ತುವಿನ ಹೆಸರಿನ ಮುಂದೆ ಅದರ ಮಾಡ್‌ನ ಹೆಸರೂ ಇರುವುದರಿಂದ ಆ ಹಳೆಯ ಘರ್ಷಣೆ ಇಲ್ಲವಾಯಿತು. ಆದರೆ ಅದೇ ಕಾರಣಕ್ಕೆ ಮೆಕಾನಿಸಂನ ಸೀಸ ಮತ್ತು ಇಮ್ಮರ್ಸಿವ್ ಎಂಜಿನಿಯರಿಂಗ್‌ನ ಸೀಸ ಆಟದ ಕಣ್ಣಿಗೆ ಎರಡು ಬೇರೆ ವಸ್ತುಗಳು. ಯುರೇನಿಯಂನ ಕಥೆಯೂ ಇದೇ, ಏಕೆಂದರೆ ಅದೂ ಎರಡರಲ್ಲಿಯೂ ಇದೆ. ತಾಮ್ರಕ್ಕೆ ಈ ಗತಿ ತಪ್ಪಿದ್ದು 2021ರ 1.17ರಲ್ಲಿ ಮೂಲ ಆಟವೇ ತಾಮ್ರವನ್ನು ತಂದದ್ದರಿಂದ.

ಈ ಭೇದವನ್ನು ಮರೆಸಲು ಟ್ಯಾಗ್‌ಗಳಿವೆ. ಹಿಂದೆ ಫೋರ್ಜ್‌ನ ಓರ್ ಡಿಕ್ಷನರಿ ಮಾಡುತ್ತಿದ್ದ ಕೆಲಸವನ್ನು 1.13ರ ನಂತರ ಆಟದ್ದೇ ಟ್ಯಾಗ್‌ಗಳು ಮಾಡುತ್ತಿವೆ. ಎರಡೂ ಮಾಡ್‌ಗಳು ತಮ್ಮ ಸೀಸವನ್ನು ‘ಸೀಸದ ಗಟ್ಟಿ’ ಎಂಬ ಒಂದೇ ಟ್ಯಾಗ್‌ನಡಿ ಸೇರಿಸಿರುತ್ತವೆ, ಪಾಕಸೂತ್ರಗಳು (ಆಟದಲ್ಲಿ ವಸ್ತುಗಳಿಂದ ಹೊಸದನ್ನು ತಯಾರಿಸುವ ಸೂತ್ರಗಳು) ನಿರ್ದಿಷ್ಟ ವಸ್ತುವಿನ ಬದಲು ಆ ಟ್ಯಾಗನ್ನು ಕೇಳುತ್ತವೆ. ಹಾಗಾಗಿ ನಿಮ್ಮ ಎರಡೂ ಸೀಸಗಳು ಬಹುತೇಕ ಎಲ್ಲ ಪಾಕಸೂತ್ರಗಳಲ್ಲೂ ಸಲ್ಲುತ್ತವೆ, ಇದನ್ನು ಜೆಇಐ ಎಂಬ ಪಾಕಸೂತ್ರ ತೋರಿಸುವ ಮಾಡ್‌ನಲ್ಲಿ ನೀವೇ ನೋಡಿಕೊಳ್ಳಬಹುದು. ನಿಮ್ಮ ತೊಂದರೆ ಪೆಟ್ಟಿಗೆಯಲ್ಲಿನ ಜಾಗದ್ದೇ ಹೊರತು ಕೆಲಸ ನಿಲ್ಲುವಂಥದ್ದಲ್ಲ. ಜಾಗವೂ ಉಳಿಯಬೇಕೆಂದರೆ ಎರಡು ಹೆಜ್ಜೆ ಸಾಕು. ಒಂದು ಮಾಡ್‌ನ ಕಾನ್ಫಿಗ್‌ನಲ್ಲಿ ಸೀಸ ಮತ್ತು ಯುರೇನಿಯಂ ಅದಿರು ಹುಟ್ಟುವುದನ್ನು ನಿಲ್ಲಿಸಿ. ಇದು ಇನ್ನು ಮುಂದೆ ಹುಟ್ಟುವ ಭೂಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ಈಗಾಗಲೇ ಓಡಾಡಿದ ಪ್ರದೇಶದ ಅದಿರು ಹಾಗೆಯೇ ಉಳಿಯುತ್ತದೆ. ಅನಂತರ ಆಲ್ಮೋಸ್ಟ್ ಯೂನಿಫೈಡ್ ಎಂಬ ಮಾಡ್ ಸೇರಿಸಿ, ಯಾವ ಮಾಡ್‌ನ ವಸ್ತುವಿಗೆ ಆದ್ಯತೆ ಎಂಬ ಪಟ್ಟಿಯನ್ನು ಅದರ ಕಾನ್ಫಿಗ್‌ನಲ್ಲಿ ಬರೆದರೆ, ಎಲ್ಲ ಯಂತ್ರಗಳಿಂದಲೂ ಒಂದೇ ಬಗೆಯ ಸೀಸ ಹೊರಬರುವಂತೆ ಅದು ಪಾಕಸೂತ್ರಗಳನ್ನು ತಿದ್ದುತ್ತದೆ.

ಶಕ್ತಿಯ ವಿಷಯದಲ್ಲಿ ಬಹಳ ಕಾಲ ಒಪ್ಪಂದವೇ ಇರಲಿಲ್ಲ. ಇಂಡಸ್ಟ್ರಿಯಲ್‌ಕ್ರಾಫ್ಟ್‌ಗೆ ಒಂದು ಮಾನ, ಬಿಲ್ಡ್‌ಕ್ರಾಫ್ಟ್‌ಗೆ ಇನ್ನೊಂದು, ಥರ್ಮಲ್ ಎಕ್ಸ್‌ಪಾನ್ಷನ್‌ನವರ ರೆಡ್‌ಸ್ಟೋನ್ ಫ್ಲಕ್ಸ್ ಮತ್ತೊಂದು. ಕೊನೆಗೆ ರೆಡ್‌ಸ್ಟೋನ್ ಫ್ಲಕ್ಸ್‌ನ ಮಾದರಿಯಲ್ಲೇ ಫೋರ್ಜ್ ಎನರ್ಜಿ ಎಂಬುದು ಫೋರ್ಜ್‌ನ ಭಾಗವಾಯಿತು, ಬಹುಪಾಲು ತಾಂತ್ರಿಕ ಮಾಡ್‌ಗಳು ಅದನ್ನು ಒಪ್ಪಿಕೊಂಡವು. ಇಮ್ಮರ್ಸಿವ್ ಎಂಜಿನಿಯರಿಂಗ್ ಅದನ್ನೇ ಬಳಸುತ್ತದೆ. ಮೆಕಾನಿಸಂ ಒಳಗೆ ಜೂಲ್‌ಗಳಲ್ಲಿ ಲೆಕ್ಕ ಇಟ್ಟರೂ ಒಂದು ಫೋರ್ಜ್ ಎನರ್ಜಿಗೆ 2.5 ಜೂಲ್ ಎಂಬ ದರದಲ್ಲಿ ತಾನೇ ಬದಲಾಯಿಸಿಕೊಳ್ಳುತ್ತದೆ. ಆದ್ದರಿಂದ ಇವೆರಡರ ನಡುವೆ ನೀವು ಏನನ್ನೂ ಮಾಡಬೇಕಾಗಿಲ್ಲ, ತಂತಿ ಜೋಡಿಸಿದರೆ ಸಾಕು. ಕ್ರಿಯೇಟ್ ಮಾತ್ರ ಈ ಒಪ್ಪಂದದ ಹೊರಗಿದೆ, ಅದೂ ಉದ್ದೇಶಪೂರ್ವಕವಾಗಿ. ಅಲ್ಲಿ ವಿದ್ಯುತ್ತೇ ಇಲ್ಲ. ದಂಡ ಮತ್ತು ಗಾಲಿಗಳ ತಿರುಗುವಿಕೆ, ಅದರ ವೇಗ, ಅದು ಹೊರಬಲ್ಲ ಭಾರ ಇವಷ್ಟೇ ಇವೆ. ಕ್ರಿಯೇಟ್ ಕ್ರಾಫ್ಟ್ಸ್ ಆ್ಯಂಡ್ ಅಡಿಷನ್ಸ್ ಎಂಬ ಉಪಮಾಡ್‌ನ ಆಲ್ಟರ್ನೇಟರ್ ತಿರುಗುವಿಕೆಯನ್ನು ಫೋರ್ಜ್ ಎನರ್ಜಿಯಾಗಿಸುತ್ತದೆ, ಅದೇ ಉಪಮಾಡ್‌ನ ಮೋಟಾರು ವಿದ್ಯುತ್ತನ್ನು ಮರಳಿ ತಿರುಗುವಿಕೆಯಾಗಿಸುತ್ತದೆ. ಅದನ್ನು ಆರಿಸುವಾಗ ನಿಮ್ಮ ಕ್ರಿಯೇಟ್ 0.5.1ರದ್ದೋ ಆರನೆಯದೋ ಎಂಬುದನ್ನು ಮರೆಯಬೇಡಿ. ಒಂದು ಮಾತು: ನೀರಿನ ಚಕ್ರದಿಂದ ಮೆಕಾನಿಸಂನ ದೊಡ್ಡ ಯಂತ್ರಗಳನ್ನು ಓಡಿಸುವ ಆಸೆ ಇಟ್ಟುಕೊಳ್ಳಬೇಡಿ. ಎರಡೂ ಮಾಡ್‌ಗಳ ಶಕ್ತಿಯ ಪ್ರಮಾಣಗಳು ಬೇರೆ ಬೇರೆ ಲೋಕಕ್ಕೆ ಸೇರಿದವು, ಜೋಡಣೆ ಸಾಧ್ಯವಾದ ಮಾತ್ರಕ್ಕೆ ಆಟದ ಸಮತೋಲ ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಯಾಗಿದ್ದು, ಬಿಡುವಿನಲ್ಲಿ ಫ್ಯಾಬ್ರಿಕ್‌ಗೆ ಸಣ್ಣದೊಂದು ಮಾಡ್ ಬರೆಯುತ್ತಿದ್ದೇನೆ. ಅದು ಇತರರ ಮಾಡ್‌ಗಳಿಗೆ ಅಡ್ಡಿಯಾಗದಂತೆ ಬರೆಯಲು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ: ಮಿಕ್ಸಿನ್‌ಗಳಿಗೆ. ಫ್ಯಾಬ್ರಿಕ್‌ನಲ್ಲಿ ಸಿದ್ಧ ಕೊಂಡಿಗಳು ಇಲ್ಲದ ಕಡೆ ಆಟದ ಕೋಡ್‌ನೊಳಕ್ಕೆ ನೇರವಾಗಿ ಕೈಹಾಕುವ ಸಾಧನ ಅದು, ಹೆಚ್ಚಿನ ಘರ್ಷಣೆಗಳು ಹುಟ್ಟುವುದೂ ಅಲ್ಲಿಯೇ. ಒಂದು ಮೆಥಡ್ ಅನ್ನು ‘ಓವರ್‌ರೈಟ್’ ಮಾಡಿದರೆ ಅದರಲ್ಲಿ ಬೇರೆಯವರಿಗೆ ಬೇಕಿದ್ದ ಸಾಲುಗಳೂ ಹೋಗುತ್ತವೆ. ‘ರೀಡೈರೆಕ್ಟ್’ ಕೂಡ ಅಪಾಯಕಾರಿ: ಒಂದೇ ಕರೆಯನ್ನು ಎರಡು ಮಾಡ್‌ಗಳು ರೀಡೈರೆಕ್ಟ್ ಮಾಡಲು ಹೊರಟರೆ, ಒಂದೇ ಬಾಗಿಲಿಗೆ ಇಬ್ಬರು ತಮ್ಮ ತಮ್ಮ ಬೀಗ ಜಡಿಯಲು ಬಂದಂತಾಗಿ, ಒಬ್ಬರದು ಮಾತ್ರ ನಿಲ್ಲುತ್ತದೆ. ಸಾಧ್ಯವಿರುವಲ್ಲೆಲ್ಲ ‘ಇಂಜೆಕ್ಟ್’ ಬಳಸಿ. ಕರೆಯನ್ನೇ ಬದಲಿಸಬೇಕಾದಲ್ಲಿ ಮಿಕ್ಸಿನ್ ಎಕ್ಸ್‌ಟ್ರಾಸ್‌ನ ‘ವ್ರ್ಯಾಪ್ ಆಪರೇಷನ್’ ಬಳಸಿ. ಅದರಲ್ಲಿ ಹಲವು ಮಾಡ್‌ಗಳು ಒಂದೇ ಕರೆಯನ್ನು ಒಂದರ ಮೇಲೊಂದಾಗಿ ಸುತ್ತಬಹುದು, ಯಾರ ಕೆಲಸವೂ ಕೆಡುವುದಿಲ್ಲ. ಅದು ಈಗ ಫ್ಯಾಬ್ರಿಕ್ ಲೋಡರ್‌ನೊಂದಿಗೇ ಬರುತ್ತದೆ, ಬೇರೆಯಾಗಿ ಸೇರಿಸಬೇಕಾಗಿಲ್ಲ.

ಬೇರೊಂದು ಮಾಡ್ ಇದ್ದರೆ ಮಾತ್ರ ದೊರೆಯುವ ಸೌಲಭ್ಯವನ್ನು ಬರೆಯುವುದಾದರೆ, ಆ ಮಾಡ್‌ನ ಕ್ಲಾಸ್‌ಗಳನ್ನು ಮುಟ್ಟುವ ಕೋಡ್ ಅನ್ನು ಪ್ರತ್ಯೇಕ ಕ್ಲಾಸ್‌ನಲ್ಲಿ ಇಡಿ, ಆ ಮಾಡ್ ಇದೆಯೇ ಎಂದು ಲೋಡರ್ ಅನ್ನು ಕೇಳಿದ ನಂತರವೇ ಅದನ್ನು ಕರೆಯಿರಿ. ಬರೀ ‘ಇಫ್’ ಹಾಕಿ ಅದೇ ಕ್ಲಾಸ್‌ನಲ್ಲಿ ಬರೆದರೆ, ಆ ಮಾಡ್ ಇಲ್ಲದವರಲ್ಲಿ ಜಾವಾ ಆ ಕ್ಲಾಸ್ ಅನ್ನು ಹುಡುಕಲು ಹೋಗಿ ಆಟವೇ ಬೀಳಬಹುದು. ನಿಮ್ಮ ಮಾಡ್‌ನ ವಿವರ ಕಡತದಲ್ಲಿ ‘ಡಿಪೆಂಡ್ಸ್’ ಮತ್ತು ‘ಬ್ರೇಕ್ಸ್’ ಎಂಬ ಭಾಗಗಳಿವೆ. ಯಾವ ಆವೃತ್ತಿಯೊಂದಿಗೆ ಆಗುವುದಿಲ್ಲ ಎಂದು ತಿಳಿದಿದ್ದರೆ ಅದನ್ನು ಅಲ್ಲಿ ಬರೆದುಬಿಡುವುದು ಆಟಗಾರರಿಗೆ ಮಾಡುವ ದೊಡ್ಡ ಉಪಕಾರ. ಅವರು ಕ್ರ್ಯಾಶ್ ವರದಿಯ ಬದಲು ಓದಿ ಅರ್ಥವಾಗುವ ಒಂದು ಸಾಲನ್ನು ಕಾಣುತ್ತಾರೆ. ಲೋಹ, ಮರ, ಬಣ್ಣಗಳನ್ನು ಪಾಕಸೂತ್ರಗಳಲ್ಲಿ ಟ್ಯಾಗ್ ಮೂಲಕವೇ ಕೇಳಿ. 1.21ರಿಂದ ಫ್ಯಾಬ್ರಿಕ್ ಮತ್ತು ನಿಯೋಫೋರ್ಜ್ ಎರಡೂ ‘ಸಿ’ ಎಂಬ ಒಂದೇ ಹೆಸರಿನಡಿ ಸಾಮಾನ್ಯ ಟ್ಯಾಗ್‌ಗಳನ್ನು ಇಟ್ಟಿರುವುದರಿಂದ ಈ ಕೆಲಸ ಮೊದಲಿಗಿಂತ ಸುಲಭ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆಯಾದ್ದರಿಂದ, ನಿಮ್ಮ ಮಾಡ್‌ಗೆ ಕನ್ನಡದ ಭಾಷಾ ಕಡತವೊಂದನ್ನು ಸೇರಿಸಬಹುದು. ಅದು ಇಲ್ಲದಿದ್ದರೆ ಆಟವನ್ನು ಕನ್ನಡದಲ್ಲಿ ಆಡುವವರಿಗೆ ನಿಮ್ಮ ವಸ್ತುಗಳ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಕಾಣುತ್ತದೆ.

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ನನ್ನ ಮಗಳು ಮತ್ತು ಅವಳ ಚಿಕ್ಕಪ್ಪನ ಮಕ್ಕಳು ಒಂದೇ ಸರ್ವರ್‌ನಲ್ಲಿ ಆಡುತ್ತಾರೆ. ತೊಂದರೆ ಕೊಡುತ್ತಿರುವ ಒಂದು ಮಾಡ್ ಅನ್ನು ತೆಗೆದರೆ ಅವರು ಕಟ್ಟಿದ ಮನೆಗಳು ಉಳಿಯುತ್ತವೆಯೇ?

ಉತ್ತರ: ಮೂಲ ಆಟದ ಬ್ಲಾಕುಗಳಿಂದ ಕಟ್ಟಿದ್ದು ಉಳಿಯುತ್ತದೆ, ಆ ಮಾಡ್‌ನ ಬ್ಲಾಕುಗಳಿದ್ದ ಜಾಗ ಖಾಲಿಯಾಗುತ್ತದೆ, ಆ ಮಾಡ್‌ನ ಪೆಟ್ಟಿಗೆಗಳಲ್ಲಿ ಇಟ್ಟಿದ್ದ ಸಾಮಾನೂ ಹೋಗುತ್ತದೆ. ಹಾಗೆ ತೆರೆದು ಉಳಿಸಿದ ಮೇಲೆ ಮಾಡ್ ಅನ್ನು ಮರಳಿ ಹಾಕಿದರೂ ಅವು ಹಿಂದಿರುಗುವುದಿಲ್ಲ. ಆದ್ದರಿಂದ ಸರ್ವರ್ ನಿಲ್ಲಿಸಿ, ವರ್ಲ್ಡ್ ಫೋಲ್ಡರಿನ ಪ್ರತಿಯೊಂದನ್ನು ಬೇರೆಡೆ ಇಟ್ಟು, ಮೊದಲು ಆ ಪ್ರತಿಯ ಮೇಲೆಯೇ ಪ್ರಯೋಗ ಮಾಡಿ. ಮಕ್ಕಳು ಆ ಮಾಡ್‌ನ ಪೆಟ್ಟಿಗೆಗಳಲ್ಲಿರುವುದನ್ನು ಸಾಮಾನ್ಯ ಪೆಟ್ಟಿಗೆಗಳಿಗೆ ಸಾಗಿಸಿಕೊಳ್ಳಲು ಒಂದು ಸಂಜೆ ಕೊಡಿ. ಸರ್ವರ್‌ನಿಂದ ತೆಗೆದ ದಿನವೇ ಪ್ರತಿ ಮಗುವಿನ ಕಂಪ್ಯೂಟರಿನಿಂದಲೂ ಅದನ್ನು ತೆಗೆಯಿರಿ. ಹೊಸ ಬ್ಲಾಕು, ವಸ್ತುಗಳನ್ನು ತರುವ ಮಾಡ್‌ಗಳು ಎರಡೂ ಕಡೆ ಒಂದೇ ಆವೃತ್ತಿಯಲ್ಲಿ ಇಲ್ಲದಿದ್ದರೆ ಸರ್ವರ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ನಕ್ಷೆ, ಬೆಳಕು, ಚಿತ್ರಣಕ್ಕೆ ಸಂಬಂಧಿಸಿದ ಮಾಡ್‌ಗಳಲ್ಲಿ ಬಹುಪಾಲು ಆಡುವವರ ಕಡೆಗಷ್ಟೇ ಸಾಕು, ಅವುಗಳಲ್ಲಿ ಒಬ್ಬರಿಗೊಬ್ಬರಿಗೆ ವ್ಯತ್ಯಾಸವಿದ್ದರೂ ಅಡ್ಡಿಯಿಲ್ಲ.