ಹಿಡಿದಿಟ್ಟ ಪಗಾರ

"ಆಳುಗಳು ನಿಲ್ಲಂಗಿಲ್ರಿ." ವರ್ಷಕ್ಕೆ ಮೂರ್ನಾಲ್ಕು ಸಲ ಈ ಮಾತು ಕೇಳುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಾಗೆ ಹೇಳಿದ ಒಬ್ಬ ಮಾಲೀಕರದು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಚರ್ಚಿನಲ್ಲಿ ಒಳ್ಳೆಯ ಹೆಸರು. ನಿದ್ದೆ ಬರಲ್ಲ ಎಂದು ನನ್ನ ಹತ್ತಿರ ಬಂದಿದ್ದರು.

ಎರಡು ಸಲ ಬರೀ ಆಳುಗಳ ಮೇಲಿನ ದೂರು. ಶನಿವಾರ ಪೂರ್ತಿ ಬಟವಾಡೆ ಮಾಡಿದರೆ ಸೋಮವಾರ ಬರುವುದಿಲ್ಲವಂತೆ. ಅದಕ್ಕೆ ಎಲ್ಲರದೂ ಎರಡು ವಾರದ ಪಗಾರ ತಾವೇ ಹಿಡಿದಿಟ್ಟುಕೊಳ್ಳುತ್ತಿದ್ದರು. ಮೂರನೇ ಸಲ ಬಂದಾಗ ನಿಜವಾದ ವಿಷಯ ಹೊರಬಿತ್ತು. ಒಬ್ಬ ವೆಲ್ಡರ್ ಹುಡುಗ ಹೆಂಡತಿಯ ಹೆರಿಗೆಗೆ ಆ ಹಣ ಕೇಳಿದ್ದ. ಇವರು, "ಪ್ರಾರ್ಥನೆ ಮಾಡ್ತೀನಿ, ದೇವರು ದಾರಿ ತೋರಸ್ತಾನ" ಅಂದರು. ಹುಡುಗ, "ಪ್ರಾರ್ಥನಿ ನಾನೂ ಮಾಡ್ತೀನ್ರಿ ಸಾವಕಾರ್ರ. ನೀವು ನನ್ನ ಪಗಾರ ಕೊಡ್ರಿ" ಅಂದ.

ಇಷ್ಟು ಹೇಳಿ ಸುಮ್ಮನಾದರು. ನಾನು ಒಂದೇ ಕೇಳಿದೆ: "ಆ ರೊಕ್ಕ ಯಾರದ್ರಿ?"

ಬಹಳ ಹೊತ್ತಿನ ಮೇಲೆ, "ಅವಂದ" ಎಂದರು. ಕಣ್ಣು ತುಂಬಿತ್ತು.

ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ 24:15. ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರಿಕೆ 5:4ರಲ್ಲಿದೆ. ಅವರಿಗೆ ಇದೆಲ್ಲ ಗೊತ್ತಿತ್ತು. ತಮ್ಮ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಓದಿರಲಿಲ್ಲ, ಅಷ್ಟೆ.

ಮೂರು ಮಾತು ಹೇಳಿದೆ. ಈ ಶನಿವಾರವೇ ಎಲ್ಲರ ಬಾಕಿ ಕೊಡಿ. ಸಿಹಿ, ಭಾಷಣ ಬೇಡ. ಅದು ನಿಮ್ಮ ಕೊಡುಗೆಯಲ್ಲ, ಸಾಲ. ಆ ಹುಡುಗನ ಹತ್ತಿರ ಉಳಿದವರ ಮುಂದೆಯೇ ಕ್ಷಮೆ ಕೇಳಿ. ಬಾಕಿ ತೀರುವ ತನಕ ವರ್ಕ್‌ಶಾಪಿನ ಬೆಳಗಿನ ಪ್ರಾರ್ಥನೆಗೆ ಆಳುಗಳನ್ನು ಕರೆಯಬೇಡಿ.

ಕೊನೆಯದಕ್ಕೆ ಚರ್ಚಿನ ಕೆಲವು ಹಿರಿಯರು ನನ್ನ ಮೇಲೆ ಬೇಸರಪಟ್ಟರು. ಪ್ರಾರ್ಥನೆ ನಿಲ್ಲಿಸು ಅಂತ ಹೇಳೋದಾ ಎಂದರು. ಈಗಲೂ ಅದನ್ನೇ ಹೇಳುತ್ತೇನೆ. ನಿನ್ನ ಮೇಲೆ ಸಹೋದರನದು ಏನಾದರೂ ದೂರು ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದವನು ಯೇಸುವೇ ಅಲ್ವಾ? ಪಗಾರ ತಡೆದವನ ಪ್ರಾರ್ಥನೆಗೆ ತಲೆಬಾಗಿ ನಿಲ್ಲುವವನ ಸಂಕಟ ನಮಗೆ ಕಾಣಬೇಕು. ಆ ಆಳುಗಳಲ್ಲಿ ಹೆಚ್ಚಿನವರು ಕ್ರೈಸ್ತರೂ ಅಲ್ಲ. ಬೇಡ ಅನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಮಾಲೀಕರು ಬಾಕಿ ಕೊಟ್ಟರು. ಸೋಮವಾರ ಫೋನ್ ಮಾಡಿದರು. ಆರು ಜನರಲ್ಲಿ ಇಬ್ಬರು ಬಂದಿರಲಿಲ್ಲ. "ನೋಡ್ರಿ, ನಾ ಹೇಳಿದ್ದಾ ಆತು" ಎಂದರು.

"ಹೌದು" ಎಂದೆ. "ಅವರು ಬರಲಿಲ್ಲ. ಆದರೂ ಆ ರೊಕ್ಕ ಅವರದಾ ಅಲ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ನಿ ರಾತ್ರಿ ನಿದ್ದಿ ಬಂತ್ರಿ" ಎಂದರು.